ತಿದ್ದಿ ಬರೆಯುವ ಶ್ರದ್ಧೆ

'ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ' ಎಂಬ ಗಾದೆಯನ್ನು ಬಲ್ಲವರು ಬಹು ಮಂದಿ. ಬರವಣಿಗೆಗೂ ಅದು ಸಲ್ಲುತ್ತದೆಂದು ನೆನೆಯುವವರು ವಿರಳ. ಬರೆದುದನ್ನು ಮತ್ತೊಮ್ಮೆ ಬರೆಯುವುದೆಂದರೆ ಸೋಲನ್ನೊಪ್ಪಿಕೊಂಡಂತೆ ಎಂಬ ಭಾವನೆ ಅನೇಕರಲ್ಲಿ ಬೇರೂರಿದೆ. ಕನ್ನಡದಲ್ಲಿ ದುಡಿದ ಕ್ರೈಸ್ತ ಲೇಖಕರ ಚರಿತ್ರೆಯು ಇದಕ್ಕೆ ತದ್ವಿರುದ್ಧವಾದ ಪಾಠವನ್ನು ಹೇಳುತ್ತದೆ.

1812ನೆಯ ಇಸವಿ ಮಾರ್ಚ್ 11ರಂದು ಬಂಗಾಳದ ಶ್ರೀರಾಮಪುರದ ಮಿಷನ್ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ರಾಶಿ ರಾಶಿ ಕಾಗದ, ಅನೇಕ ಭಾಷೆಗಳ ಅಚ್ಚುಮೊಳೆಗಳು ನಾಶವಾದುವು. ವಿಲಿಯಂ ಕೇರಿಯವರ ಹಸ್ತಪ್ರತಿಗಳೂ ಸುಟ್ಟುಹೋದುವು. ಅವುಗಳಲ್ಲಿ ಹೊಸ ಒಡಂಬಡಿಕೆಯ ಕನ್ನಡ ಅನುವಾದದ ಹಾಳೆಗಳೂ ಇದ್ದುವು. ಆಗ ಕೇರಿಯವರಿಗೆ ಐವತ್ತು ವರ್ಷ ದಾಟಿತ್ತು. ಕೆಲವೇ ತಿಂಗಳುಗಳಲ್ಲಿ ಮುದ್ರಣಾಲಯ ಮತ್ತೆ ನಡೆಯತೊಡಗಿತು. ಸುಟ್ಟ ಬರಹಗಳನ್ನು ಕೇರಿಯವರು ಮೊದಲಿನಿಂದ ಬರೆಯಲು ಕುಳಿತರು. 1817ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂದಿತು; 1820ರ ದಶಕದಲ್ಲಿ ಹೊಸ ಒಡಂಬಡಿಕೆಯ ಕನ್ನಡ ಅನುವಾದವೂ ಅಲ್ಲಿಂದಲೇ ಅಚ್ಚಾಯಿತು. ಇತ್ತ 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಅವರ ಅನುವಾದ ಪೂರ್ಣ ಬೈಬಲಾಗಿ ಬೆಳಕು ಕಂಡುದು 1831ರಲ್ಲಿ. ಮುಂದೆ ಬಂದವರು ಆ ಅನುವಾದವನ್ನೂ ಹಲವು ಸಲ ತಿದ್ದಿದರು.

ನಿಘಂಟಿನ ಕಥೆಯೂ ಇಂಥದೇ. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಬಂದಿತು. ಡೇನಿಯಲ್ ಸ್ಯಾಂಡರ್ಸನ್ ಅದನ್ನು ಪರಿಷ್ಕರಿಸಿ 1858ರಲ್ಲಿ ಹೊರತಂದರು. ಅಷ್ಟಕ್ಕೆ ತೃಪ್ತರಾಗದವರು ಫರ್ಡಿನೆಂಡ್ ಕಿಟ್ಟೆಲ್. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ನಿನ ಸೇವೆಗೆಂದು ಕನ್ನಡ ನಾಡಿಗೆ ಬಂದ ಅವರು ಹಳಗನ್ನಡ ಕಾವ್ಯಗಳನ್ನು ಜಾಲಾಡಿದರು, ಜನರ ಬಾಯಿಮಾತನ್ನೂ ಗಾದೆಗಳನ್ನೂ ಸಂಗ್ರಹಿಸಿದರು, ಸ್ಥಳೀಯ ಪಂಡಿತರನ್ನು ಕೇಳಿ ಕೇಳಿ ತಿದ್ದಿಕೊಂಡರು. ನಡುವೆ ಸ್ವದೇಶಕ್ಕೆ ಹಿಂದಿರುಗಿದವರು ಈ ಕಾರ್ಯಕ್ಕಾಗಿಯೇ 1883ರಲ್ಲಿ ಮರಳಿ ಬಂದರು. ಸುಮಾರು 70,000 ಶಬ್ದಗಳ ಆ ಮಹಾನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಪ್ರಕಟವಾದುದು 1894ರಲ್ಲಿ. ಅದೂ ಕೊನೆಯ ಮಾತಾಗಲಿಲ್ಲ. ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ವಿಸ್ತರಿಸಿದ ಆವೃತ್ತಿಯನ್ನು ಮದರಾಸು ವಿಶ್ವವಿದ್ಯಾನಿಲಯವು 1968ರಿಂದ 1971ರ ಅವಧಿಯಲ್ಲಿ ಹೊರತಂದಿತು. ತಮ್ಮ ಶ್ರಮವನ್ನು ಇನ್ನೊಬ್ಬರು ತಿದ್ದಿಯಾರೆಂದು ಅಂಜಿದವರಿಂದ ಇಂಥ ಪರಂಪರೆ ಬೆಳೆಯಲಾರದು.

ಕಿಟ್ಟೆಲರು ಬರಿಯ ಕೋಶಕಾರರಲ್ಲ. ಕ್ರಿಸ್ತನ ಚರಿತ್ರೆಯನ್ನು ಕನ್ನಡಿಗರ ಕಿವಿಗೆ ಒಗ್ಗುವಂತೆ ಹೇಳಬೇಕೆಂದು ಅವರು ದೇಶೀ ಛಂದಸ್ಸನ್ನು ಕಲಿತು 'ಕಥಾಮಾಲೆ'ಯನ್ನು ರಚಿಸಿದರು. 1862ರಲ್ಲಿ ಪ್ರಕಟವಾದ ಆ ಕೃತಿಯ ಹಿಂದೆ ಪರಭಾಷೆಯವನೊಬ್ಬ ಮಾತ್ರೆ ಮಾತ್ರೆಯನ್ನೆಣಿಸಿ ಪಟ್ಟ ಪಾಡು ಎಷ್ಟಿರಬಹುದೆಂಬುದನ್ನು ಷಟ್ಪದಿಯ ಒಂದು ಪದ್ಯ ಕಟ್ಟಲು ಯತ್ನಿಸಿದವರೇ ಬಲ್ಲರು.

ಇವರ ಮೂಲ ಉದ್ದೇಶ ಧರ್ಮಪ್ರಚಾರವೆಂಬುದನ್ನು ಮರೆಮಾಚಬೇಕಾಗಿಲ್ಲ. ಆ ಉದ್ದೇಶವನ್ನು ಒಪ್ಪದವರೂ ಅವರ ದುಡಿಮೆಯ ರೀತಿಯಿಂದ ಕಲಿಯಬಹುದಾದುದಿದೆ. ಅವರ ಪಾಲಿಗೆ ಶಬ್ದವೆಂಬುದು ದೇವರ ಮುಂದೆ ಲೆಕ್ಕ ಒಪ್ಪಿಸಬೇಕಾದ ವಸ್ತು. ಹಾಗೆಂದೇ ಒಂದು ಪದ ತಪ್ಪಿದರೆ ಅದನ್ನು ಹಾಗೆಯೇ ಬಿಡಲು ಮನಸ್ಸು ಒಪ್ಪುತ್ತಿರಲಿಲ್ಲ. ಸರಿಯಾದ ಪದವೊಂದು ಎಲ್ಲೋ ಇದೆ, ಹುಡುಕಿದರೆ ದೊರೆಯುತ್ತದೆ, ಓದುವವನೊಬ್ಬ ಮುಂದೆಂದಾದರೂ ಬರುತ್ತಾನೆ ಎಂಬ ಭರವಸೆಯಿಲ್ಲದೆ ಯಾರೂ ಇಪ್ಪತ್ತು ವರ್ಷ ತಿದ್ದುತ್ತ ಕೂರಲಾರರು. ಶ್ರದ್ಧೆಯಿಂದ ತಾಳ್ಮೆ ಹುಟ್ಟಿತು. ತಾಳ್ಮೆಯಿಂದ ಶ್ರದ್ಧೆ ಬಲಿಯಿತು.

ಮುಂಬಯಿ ಪರಿಸರದ ಕನ್ನಡಿಗರಿಗೆ ಈ ಚರಿತ್ರೆ ದೂರದ್ದಲ್ಲ. ಕ್ರೈಸ್ತ ಮಿಷನರಿಗಳ ಕನ್ನಡ ಸೇವೆಯನ್ನು ಆಧಾರಸಹಿತವಾಗಿ ಬೆಳಕಿಗೆ ತಂದ 'ಹೊಸಗನ್ನಡದ ಅರುಣೋದಯ'ದ ಕರ್ತೃ ಶ್ರೀನಿವಾಸ ಹಾವನೂರರು ಈ ಮಹಾನಗರದಲ್ಲಿಯೇ ದುಡಿದವರು. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಮುಖ್ಯಸ್ಥರಾಗಿದ್ದವರು.

ಆದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಇಂದು ಕನ್ನಡ ಬರೆಯುವವರ ಸ್ಥಿತಿ ಹೇಗಿದೆ? ಮನೆಯ ಮಕ್ಕಳು ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಕಲಿಯುತ್ತಾರೆ. ಕನ್ನಡ ಬರೆಯಬಲ್ಲ ಕೈಗಳು ಕಡಿಮೆಯಾಗುತ್ತಿವೆ. ಬರೆಯುವವರೂ ಮೊಬೈಲಿನಲ್ಲಿ ಮೂಡಿದುದನ್ನು ಮರುಕ್ಷಣವೇ ರವಾನಿಸಿಬಿಡುತ್ತಾರೆ. ಸ್ಮರಣ ಸಂಚಿಕೆಗೆ ಲೇಖನ ಸೇರುವುದು ಕೊನೆಯ ವಾರದಲ್ಲಿ. ತಿದ್ದಲು ಸಂಪಾದಕರಿಗೆ ವೇಳೆಯಿಲ್ಲ, ತಿದ್ದಿದರೆ ಲೇಖಕರಿಗೆ ಸಮಾಧಾನವಿಲ್ಲ.

ಬೆಳಗಿನ ಲೋಕಲ್ ಹಿಡಿದು ರಾತ್ರಿ ಮನೆ ಸೇರುವವನಿಗೆ ಎರಡನೆಯ ಸಲ ಬರೆಯಲು ಬಿಡುವೆಲ್ಲಿದೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ತಿದ್ದುವುದಕ್ಕೆ ಬೇಕಾದುದು ದಿನವಿಡೀ ಬಿಡುವಲ್ಲ, ಬರೆದುದನ್ನು ಒಂದೆರಡು ವಾರ ಮುಚ್ಚಿಟ್ಟು ಹೊಸ ಕಣ್ಣಿನಿಂದ ನೋಡುವ ಮನಸ್ಸು. ಮೊದಲ ಭಾವದ ಬಿಸಿ ಆರಿಹೋಗುತ್ತದೆಂಬುದು ಇನ್ನೊಂದು ಆಕ್ಷೇಪ. ತಿದ್ದಿದರೆ ಆರಿಹೋಗುವ ಬಿಸಿ ಓದುಗನನ್ನು ತಲುಪುವವರೆಗೂ ಉಳಿಯುವುದು ಸಂದೇಹ.

ಆದುದರಿಂದ ಕನ್ನಡ ಸಂಘಗಳು ಸಣ್ಣದೊಂದು ಕ್ರಮವನ್ನು ಕೈಗೊಳ್ಳಲಿ. ಲೇಖನಗಳನ್ನು ಮೂರು ತಿಂಗಳು ಮೊದಲೇ ತರಿಸಿ, ಬಲ್ಲವರಿಂದ ಗುರುತು ಹಾಕಿಸಿ ಲೇಖಕರಿಗೆ ಹಿಂದಿರುಗಿಸಲಿ. ಮರಳಿ ಬಂದ ಹಾಳೆಯನ್ನು ಅವಮಾನವೆಂದು ಬಗೆಯದೆ ಲೇಖಕರು ಮತ್ತೊಮ್ಮೆ ಬರೆಯಲಿ. ಹಿರಿಯರು ಹೀಗೆ ಬರೆದುದನ್ನು ಕಂಡ ಮಕ್ಕಳಿಗೆ, ಈ ಭಾಷೆ ಇಷ್ಟು ಶ್ರಮಕ್ಕೆ ಯೋಗ್ಯವಾದುದೆಂಬುದು ಯಾರೂ ಹೇಳದೆಯೇ ತಿಳಿದೀತು.