ಕ್ಯಾಮರಾ ಕಪಾಟಿನಲ್ಲಿ, ನೆಗೆಟಿವ್ ಗುಜರಿಯಲ್ಲಿ



ಹಳೆಯ ಫಿಲ್ಮ್ ಕ್ಯಾಮರಾಗಳನ್ನು ಸಂಗ್ರಹಿಸುವ ಹವ್ಯಾಸ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಗೂ ಬಂದಿದೆ. ನನ್ನಲ್ಲಿ ಕಲಿತು ಬೆಂಗಳೂರು, ಮುಂಬೈ, ದುಬೈಗಳಲ್ಲಿ ನೆಲೆಸಿರುವ ಕೆಲವರು ರಜೆಯಲ್ಲಿ ಊರಿಗೆ ಬಂದಾಗ ನಮ್ಮ ಮನೆಯ ಜಗುಲಿಗೂ ಬರುತ್ತಾರೆ. ಕುಶಲ ಪ್ರಶ್ನೆ ಮುಗಿದ ಮೇಲೆ, “ಸರ್, ಯಾವುದಾದರೂ ಹಳೆಯ ಸ್ಟುಡಿಯೋದವರ ಪರಿಚಯವಿದೆಯೇ? ಅವರಲ್ಲಿ ಯಾಶಿಕಾ, ರೋಲಿಫ್ಲೆಕ್ಸ್ ಏನಾದರೂ ಉಳಿದಿರಬಹುದೇ?” ಎಂದು ಕೇಳುತ್ತಾರೆ. ಈ ಹವ್ಯಾಸದ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅದು ಹಿಡಿದಿರುವ ದಾರಿಯ ಬಗ್ಗೆ ಗಂಭೀರವಾದ ತಕರಾರಿದೆ. ಅದನ್ನು ಇಂದು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ. ತರಗತಿಯಲ್ಲಿ ಗದರಿದ ಮೇಷ್ಟರನ್ನು ನೀವು ಹೇಗೂ ಕ್ಷಮಿಸಿದ್ದೀರಿ. ಇದನ್ನೂ ಕ್ಷಮಿಸಿ, ಹೇಳಿದ್ದನ್ನು ಮಾತ್ರ ನೆನಪಿಡಿ.

ತಕರಾರು ಇಷ್ಟೇ: ನಾವು ಕ್ಯಾಮರಾಗಳನ್ನು ಉಳಿಸುತ್ತಿದ್ದೇವೆ, ಅವು ನಮ್ಮ ಊರಿನ ಬಗ್ಗೆ ಕಂಡದ್ದನ್ನೆಲ್ಲ ಕಳೆಯುತ್ತಿದ್ದೇವೆ.

ಮೊದಲಿಗೆ, ಈ ಹವ್ಯಾಸವನ್ನು “ಗುಜರಿ ಕೂಡಿಹಾಕುವ ಹುಚ್ಚು” ಎಂದು ನಗುವವರಿಗೆ ಒಂದು ಮಾತು. ಹಳೆಯ ಕ್ಯಾಮರಾ ಗುಜರಿಯಲ್ಲ, ಅದೊಂದು ಪಾಠಪುಸ್ತಕ. 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ಎಂಬವರು ‘ವಾಗೀಶ್ವರಿ’ ಎಂಬ ಮರದ ಕ್ಯಾಮರಾವನ್ನು ತಯಾರಿಸಿದರು. ಅವರ ತಂದೆ ಸಂಗೀತ ವಾದ್ಯಗಳನ್ನು ಮಾಡುತ್ತಿದ್ದವರು. ಹಾರ್ಮೋನಿಯಂನ ತಿದಿಯನ್ನು ಬಲ್ಲ ಮನೆಯಲ್ಲಿ ಕ್ಯಾಮರಾದ ಮಡಿಕೆಯ ತಿದಿ ಹುಟ್ಟಿತು. ಆ ಕ್ಯಾಮರಾ ದೇಶದ ಎಷ್ಟೋ ಸ್ಟುಡಿಯೋಗಳಲ್ಲಿ ಕಪ್ಪು ಬಟ್ಟೆ ಹೊದ್ದು ನಿಂತಿತು. ಆಮೇಲೆ ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸಿದ ‘ಅಗ್ಫಾ ಕ್ಲಿಕ್ 3’ ಮಧ್ಯಮ ವರ್ಗದ ಮನೆಗಳನ್ನು ಹೊಕ್ಕಿತು. 120ರ ಅಳತೆಯ ಒಂದು ರೋಲಿನಲ್ಲಿ ಹನ್ನೆರಡು ಚೌಕ ಚಿತ್ರಗಳು, ಅಷ್ಟೇ. ಊಟಿಯಲ್ಲಿ ಸ್ಥಾಪನೆಗೊಂಡ ಸರ್ಕಾರಿ ಸ್ವಾಮ್ಯದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನ ಫಿಲ್ಮ್ ಕೊಟ್ಟಿತು. ಆ ಕಾರ್ಖಾನೆ ಇಂದು ಇಲ್ಲ. ಬೆಳಕು, ಮಸೂರ, ರಸಾಯನ, ಸ್ವದೇಶಿ ಕೈಗಾರಿಕೆಯ ಏಳುಬೀಳು ಎಲ್ಲವೂ ಒಂದು ಹಳೆಯ ಪೆಟ್ಟಿಗೆಯೊಳಗೆ ಅಡಗಿವೆ. ಅದನ್ನು ತೂಕಕ್ಕೆ ಹಾಕುವುದಕ್ಕಿಂತ ಕಪಾಟಿನಲ್ಲಿ ಇಡುವುದು ನಿಶ್ಚಯವಾಗಿಯೂ ಮೇಲು.

ಆದರೆ ಕಪಾಟಿನಲ್ಲಿಯೂ ಅದು ಉಳಿಯುತ್ತಿದೆಯೇ? ನಮ್ಮದು ಕಡಲ ಕರೆಯ ಊರು. ಜೂನ್ ತಿಂಗಳಿಂದ ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ. ಚರ್ಮದ ಚೀಲದೊಳಗೆ ಮುಚ್ಚಿಟ್ಟ ಕ್ಯಾಮರಾದ ಮಸೂರದ ಮೇಲೆ ಜೇಡನ ಬಲೆಯಂತಹ ಬೂಷ್ಟು ಹಬ್ಬುತ್ತದೆ, ಕಾಲಕ್ರಮೇಣ ಅದು ಗಾಜಿನ ಲೇಪವನ್ನೇ ತಿನ್ನುತ್ತದೆ. ವರ್ಷಗಟ್ಟಲೆ ಒತ್ತದ ಶಟರಿನ ಎಣ್ಣೆ ಅಂಟಾಗಿ ಅಲಗುಗಳು ಅಲುಗುವುದಿಲ್ಲ. ಕ್ಯಾಮರಾ ಬಳಸಿದಷ್ಟು ಕಾಲ ಬದುಕುವ ಯಂತ್ರ. ತಿಂಗಳಿಗೊಮ್ಮೆ ಹೊರತೆಗೆದು, ಎಲ್ಲ ವೇಗಗಳಲ್ಲಿ ನಾಲ್ಕಾರು ಬಾರಿ ಕ್ಲಿಕ್ಕಿಸಿ, ಗಾಳಿಬೆಳಕು ಕಾಣಿಸಿ, ಸಿಲಿಕಾ ಜೆಲ್ಲಿನ ಪೊಟ್ಟಣದೊಂದಿಗೆ ಚರ್ಮದ ಚೀಲವಿಲ್ಲದೆ ಇಡಬೇಕು. ನಾನು ಕಂಡ ಸಂಗ್ರಹಗಳಲ್ಲಿ ಇಷ್ಟನ್ನು ಮಾಡುವವರು ವಿರಳ. ಉಳಿದವರ ಗಾಜಿನ ಕಪಾಟಿನಲ್ಲಿ ಇರುವುದು ಕ್ಯಾಮರಾಗಳಲ್ಲ, ಕ್ಯಾಮರಾಗಳ ಕಳೇಬರಗಳು.

ಇನ್ನು ಅಲಂಕಾರದ ಪಂಥ. ಮರವಂತೆಯ ಕಡಲತೀರದಲ್ಲಿ ಮದುವೆಗೆ ಮುಂಚಿನ ಚಿತ್ರೀಕರಣ ಮಾಡಿಸಿಕೊಳ್ಳುವ ಜೋಡಿಗಳನ್ನು ನೀವೂ ನೋಡಿರುತ್ತೀರಿ. ಒಮ್ಮೆ ವಧು ಹಳೆಯ ಕ್ಯಾಮರಾವೊಂದನ್ನು ಕಣ್ಣಿಗೆ ಹಿಡಿದು ವರನ ಚಿತ್ರ ತೆಗೆಯುವ ಅಭಿನಯ ಮಾಡುತ್ತಿದ್ದಳು. ಮಸೂರದ ಮುಚ್ಚಳ ಹಾಗೆಯೇ ಇತ್ತು! ಆ ಮಕ್ಕಳ ಸಂತೋಷಕ್ಕೆ ನಾನು ಅಡ್ಡಬರುವವನಲ್ಲ. ಆದರೆ ಒಂದು ತಲೆಮಾರಿನ ಅನ್ನದ ಸಾಧನ ಇನ್ನೊಂದು ತಲೆಮಾರಿಗೆ ಆಟಿಕೆಯಾದಾಗ, ನಡುವೆ ಏನೋ ಕಳೆದುಹೋಗಿದೆ ಎಂದು ತಿಳಿಯಬೇಕು.

ಏನು ಕಳೆದುಹೋಗಿದೆ? ನೆಗೆಟಿವ್.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಹಳೆಯ ಸ್ಟುಡಿಯೋ ಬಾಗಿಲು ಹಾಕಿತು. ಊರಿನ ಹೆಸರೂ ಬೇಡ, ಮಾಲಕರ ಹೆಸರೂ ಬೇಡ. ಕ್ಯಾಮರಾಗಳು ಒಂದೇ ವಾರದಲ್ಲಿ ಒಳ್ಳೆಯ ಬೆಲೆಗೆ ಮಾರಾಟವಾದವು. ಗೋಡೆಗೆ ಒರಗಿದ್ದ ನೆಗೆಟಿವ್ ಪೆಟ್ಟಿಗೆಗಳನ್ನು ಕೊಳ್ಳಬಂದವರು ಯಾರೂ ತೆರೆದು ನೋಡಲಿಲ್ಲ. ಅವು ತೂಕಕ್ಕೆ ಹೋದವು. ಕಪ್ಪುಬಿಳುಪು ಫಿಲ್ಮಿನಲ್ಲಿ ಚಿತ್ರವಾಗಿ ನಿಲ್ಲುವುದು ಬೆಳ್ಳಿ. ಆ ಚೂರು ಬೆಳ್ಳಿಗಾಗಿ ಫಿಲ್ಮನ್ನು ಕರಗಿಸುವ ವ್ಯಾಪಾರ ಹಳೆಯದು. ನಮ್ಮ ಅಜ್ಜಂದಿರ ಮುಖ, ನಮ್ಮ ತಾಯಂದಿರ ಮದುವೆ, ನಿಮ್ಮ ಶಾಲೆಯ ವಾರ್ಷಿಕೋತ್ಸವ ಎಲ್ಲವೂ ಗ್ರಾಂ ಲೆಕ್ಕದ ಲೋಹವಾಗಿ ಹೋಗುವುದು ಹೀಗೆ.

ಈ ಬಗೆಯ ನಷ್ಟ ನಮಗೆ ಹೊಸದೇನಲ್ಲ. ಕೋಟದ ಶಿವರಾಮ ಕಾರಂತರು 1930ರ ಸುಮಾರಿಗೆ ‘ಡೊಮಿಂಗೊ’ ಎಂಬ ಮೂಕಿ ಚಿತ್ರ ತಯಾರಿಸಿದ ಸಂಗತಿ ನಿಮಗೆ ಗೊತ್ತು. ಆ ಯುಗದಲ್ಲಿ ಭಾರತದಲ್ಲಿ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳು ತಯಾರಾದವು, ಇಂದು ಉಳಿದಿರುವುದು ಕೆಲವೇ ಕೆಲವು. ಯಾರೂ ಅವುಗಳನ್ನು ನಾಶಮಾಡಬೇಕೆಂದು ಹೊರಟವರಲ್ಲ. ಬೆಲೆಯುಳ್ಳದ್ದು ಯಂತ್ರ, ಫಿಲ್ಮು ಖರ್ಚಾಗಿ ಹೋದ ಸಾಮಾನು ಎಂದು ಎಲ್ಲರೂ ಭಾವಿಸಿದರು. ನಾವು ಈಗ ಅದನ್ನೇ ಸ್ಟುಡಿಯೋ ನೆಗೆಟಿವ್‌ಗಳ ವಿಷಯದಲ್ಲಿ ಭಾವಿಸುತ್ತಿದ್ದೇವೆ.

ಆ ಪೆಟ್ಟಿಗೆಗಳಲ್ಲಿ ಏನೇನಿರಬಹುದು ಯೋಚಿಸಿ. ಪರ್ಸೀನ್ ಬಲೆ ಬರುವ ಮುನ್ನ ದಡದಲ್ಲಿ ಊರಿಗೆ ಊರೇ ನಿಂತು ಎಳೆಯುತ್ತಿದ್ದ ರಂಪಣಿ ಬಲೆ. ಸೇತುವೆಗಳಾಗುವ ಮುಂಚಿನ ಕಡವುಗಳು, ದೋಣಿ ಕಾಯುತ್ತ ನಿಂತ ಮದುವೆ ದಿಬ್ಬಣ. ಹಂಚಿನ ಕಾರ್ಖಾನೆಯ ಹೆಣ್ಣಾಳುಗಳು. ಈಗ ಮುಚ್ಚಿಹೋಗಿರುವ ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ದುಡಿಯುತ್ತಿದ್ದ ಕಾಲದ ಕಾರ್ಮಿಕರು. 1998ರ ಜನವರಿಯಲ್ಲಿ ಕೊಂಕಣ ರೈಲು ಮಾರ್ಗ ಲೋಕಾರ್ಪಣೆಯಾಗುವ ಮೊದಲು ಗದ್ದೆಗಳ ನಡುವೆ ಮಣ್ಣು ಸುರಿದು ಏರಿ ಕಟ್ಟುತ್ತಿದ್ದ ದಿನಗಳು. ಬಡಗುತಿಟ್ಟಿನ ವೇಷಧಾರಿಗಳು ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡ ಗಳಿಗೆಗಳು. ನಮ್ಮ ಯಕ್ಷಗಾನದ ಬಗ್ಗೆ ಅಮೆರಿಕದಿಂದ ಬಂದು ಇಲ್ಲಿಯೇ ಕಲಿತ ಮಾರ್ತಾ ಆಷ್ಟನ್ ಅವರು ಬ್ರೂಸ್ ಕ್ರಿಸ್ಟಿಯವರೊಂದಿಗೆ 1977ರಲ್ಲಿ ಪುಸ್ತಕ ಹೊರತಂದರು. ದೂರದಿಂದ ಬಂದವರಿಗೆ ಇದು ದಾಖಲಿಸತಕ್ಕದ್ದೆಂದು ತೋರಿತು. ನಮ್ಮ ಪೇಟೆಯ ಛಾಯಾಗ್ರಾಹಕ ಪ್ರತಿ ಸುಗ್ಗಿಯಲ್ಲೂ ಮೇಳದ ಆಟಕ್ಕೆ ಹೋಗಿ ತೆಗೆದ ಚಿತ್ರಗಳಿಗೆ ಮಾತ್ರ ನಾವು ಒಂದು ಕಪಾಟಿನ ಖಾನೆಯನ್ನೂ ಕೊಡಲಿಲ್ಲ. ಮುಂಡಾಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ವೇಷಧಾರಿಯ ಹೆಸರನ್ನು ಮರೆತಂತಾಯಿತು ಇದು.

“ಸರ್, ನಾವು ಸಂಗ್ರಹಿಸುವುದು ಕ್ಯಾಮರಾ. ನೆಗೆಟಿವ್ ಉಳಿಸುವುದು ಸರ್ಕಾರದ ಕೆಲಸ, ವಸ್ತುಸಂಗ್ರಹಾಲಯದ ಕೆಲಸ” ಎಂದು ನೀವು ಹೇಳಬಹುದು. ಒಪ್ಪುವ ಮಾತಲ್ಲ. ಮುಚ್ಚುತ್ತಿರುವ ಸ್ಟುಡಿಯೋದ ಬಾಗಿಲಲ್ಲಿ ನಿಂತವರು ಯಾರು? ಸರ್ಕಾರವಲ್ಲ, ನೀವು. ಛಾಯಾಗ್ರಾಹಕನ ವಿಧವೆಯೊಡನೆ ಚಹಾ ಕುಡಿದು ಅಟ್ಟ ಹತ್ತಿದವರು ನೀವು. ಕ್ಯಾಮರಾ ಇದ್ದ ಪೆಟ್ಟಿಗೆಯ ಪಕ್ಕದಲ್ಲಿಯೇ ನೆಗೆಟಿವ್ ಪೆಟ್ಟಿಗೆ ಇತ್ತು. ಕೈಗೆಟುಕುವ ದೂರದಲ್ಲಿದ್ದವನಿಗೇ ಹೊಣೆ ಹೆಚ್ಚು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. “ಅವು ಬೇರೆಯವರ ಮನೆಯ ಚಿತ್ರಗಳು, ನಾವು ಇಟ್ಟುಕೊಳ್ಳುವುದು ಸರಿಯೇ?” ಈ ಪ್ರಶ್ನೆಗೆ ನನ್ನ ಗೌರವವಿದೆ. ಮದುಮಗಳ ಚಿತ್ರವನ್ನು ಕೇಳದೆ ಕೇಳದವರಿಗೆಲ್ಲ ಹಂಚುವುದು ಸಂಗ್ರಹವಲ್ಲ, ಅಪಚಾರ. ಆದರೆ ಉತ್ತರ ಗುಜರಿಯಂಗಡಿಯಲ್ಲ. ಮನೆಯವರನ್ನು ಹುಡುಕಿ ಒಂದು ಪ್ರತಿ ಕೊಡಿ. ಅವರ ಒಪ್ಪಿಗೆಯಿಲ್ಲದೆ ಸಾರ್ವಜನಿಕಗೊಳಿಸಬೇಡಿ. ಜಾತ್ರೆ, ಶಾಲೆ, ರಸ್ತೆ, ಬಂದರು, ಮೇಳಗಳ ಚಿತ್ರಗಳು ಊರಿನ ಸ್ವತ್ತು; ಅವನ್ನು ಊರಿಗೆ ತೋರಿಸಿ.

ಕ್ಯಾಮರಾ ಪ್ರೀತಿ ಮತ್ತು ನೆಗೆಟಿವ್ ಪ್ರೀತಿ ಒಟ್ಟಿಗೆ ಸಾಧ್ಯವೇ ಎಂದರೆ, ಸಾಧ್ಯ. ಮುಂಬೈಯ ದಿಲೀಶ್ ಪಾರೇಖ್ ಅವರ 4,425 ಕ್ಯಾಮರಾಗಳ ಸಂಗ್ರಹ ಗಿನ್ನೆಸ್ ದಾಖಲೆಯಾದದ್ದು ನಮ್ಮ ಸಂಗ್ರಾಹಕರಿಗೆಲ್ಲ ಬಾಯಿಪಾಠ. ಆ ಶ್ರಮಕ್ಕೆ ನನ್ನ ನಮಸ್ಕಾರ. ಆದರೆ ನೀವು ಆದಿತ್ಯ ಆರ್ಯ ಅವರ ಕಥೆಯನ್ನೂ ಬಾಯಿಪಾಠ ಮಾಡಬೇಕು. ಅವರು 2019ರಲ್ಲಿ ಗುರುಗ್ರಾಮದಲ್ಲಿ ‘ಮ್ಯೂಸಿಯೋ ಕ್ಯಾಮರಾ’ ಎಂಬ ಕ್ಯಾಮರಾ ಸಂಗ್ರಹಾಲಯವನ್ನು ತೆರೆದವರು. ಅದಕ್ಕೂ ಮುಂಚೆ, 1984ರಲ್ಲಿ ತೀರಿಕೊಂಡ ಪತ್ರಿಕಾ ಛಾಯಾಗ್ರಾಹಕ ಕುಲವಂತ್ ರಾಯ್ ತಮಗೆ ಬಿಟ್ಟುಹೋಗಿದ್ದ ಪೆಟ್ಟಿಗೆಗಳನ್ನು ತೆರೆದು, ಸ್ವಾತಂತ್ರ್ಯ ಹೋರಾಟದ ಮತ್ತು ಅನಂತರದ ಕಾಲದ ನೆಗೆಟಿವ್‌ಗಳನ್ನು ವಿಂಗಡಿಸಿ, 2010ರಲ್ಲಿ ಪುಸ್ತಕವಾಗಿ ದೇಶದ ಮುಂದಿಟ್ಟರು. ಯಂತ್ರವನ್ನೂ ಪ್ರೀತಿಸಿದರು, ಯಂತ್ರ ಕಂಡದ್ದನ್ನೂ ಉಳಿಸಿದರು. ನಮ್ಮ ಮಗ್ಗುಲಲ್ಲಿಯೇ ಮಣಿಪಾಲದ ವಿಜಯನಾಥ ಶೆಣೈಯವರು ಇದ್ದರು. ಬ್ಯಾಂಕಿನ ನೌಕರಿಯಲ್ಲಿದ್ದವರು, ಕೆಡವುತ್ತಿದ್ದ ಹಳೆಯ ಮನೆಗಳ ಕೆತ್ತನೆಯ ಕಂಬವೊಂದನ್ನೇ ಕೊಂಡು ತೃಪ್ತರಾಗಲಿಲ್ಲ, ಇಡೀ ಮನೆಯನ್ನೇ ಬಿಚ್ಚಿ ತಂದು ಹಸ್ತಶಿಲ್ಪದಲ್ಲಿ ಮತ್ತೆ ನಿಲ್ಲಿಸಿದರು. ಸಂಗ್ರಹವೆಂದರೆ ಹಾಗಿರಬೇಕು.

ಆದ್ದರಿಂದ ನನ್ನ ಒತ್ತಾಯಗಳು ಇವು. ಒಂದು: ಕ್ಯಾಮರಾ ಕೊಳ್ಳುವ ಮನೆಯಲ್ಲಿ ಮೊದಲು ನೆಗೆಟಿವ್ ಕೇಳಿ, ಆಮೇಲೆ ಬೆಲೆ ಮಾತಾಡಿ. ಎರಡು: ಸಿಕ್ಕ ನೆಗೆಟಿವ್‌ಗಳನ್ನು ಪ್ಲಾಸ್ಟಿಕ್ಕಿನಿಂದ ತೆಗೆದು ಕಾಗದದ ಲಕೋಟೆಗಳಲ್ಲಿ, ಒಣಗಿದ ತಂಪು ಜಾಗದಲ್ಲಿ ಇಡಿ. ವಿನೆಗರಿನ ಹುಳಿ ವಾಸನೆ ಬರುವ ಫಿಲ್ಮು ಕೊಳೆಯಲು ಆರಂಭಿಸಿದೆ ಎಂದರ್ಥ. ಅದನ್ನು ಬೇರೆಯಾಗಿಟ್ಟು ಮೊದಲು ಪ್ರತಿಮಾಡಿ. ಮೂರು: ಸ್ಕ್ಯಾನರ್ ಇಲ್ಲವೆಂಬ ನೆಪ ಬೇಡ. ಬಿಳಿ ಪರದೆಯ ಬೆಳಕಿನ ಮುಂದೆ ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆದು, ಬಣ್ಣ ತಿರುಗಿಸಿದರೂ ಮುಖ ಗುರುತಿಸುವಷ್ಟು ಕಾಣುತ್ತದೆ. ನಾಲ್ಕು, ಇದು ಎಲ್ಲಕ್ಕಿಂತ ಮುಖ್ಯ: ಹೆಸರು ಬರೆಯಿರಿ. ಹೆಸರು, ಊರು, ವರ್ಷ.

ಹೆಸರಿಗೆ ಏಕೆ ಇಷ್ಟು ಮಹತ್ವವೆಂದರೆ, ನನ್ನ ಬಳಿ 1986ರ ಹತ್ತನೆಯ ತರಗತಿಯ ಗುಂಪು ಚಿತ್ರವಿದೆ. ಹಿಂದಿನ ಸಾಲಿನ ಎಡದಿಂದ ಮೂರನೆಯ ಹುಡುಗ ಮರುವರ್ಷವೇ ಮೀನುಗಾರಿಕೆಗೆ ಹೋಗಿ ಮರಳಿ ಬರಲಿಲ್ಲ. ಅವನ ತಾಯಿಗೆ ಮಗನದ್ದೆಂದು ಇದ್ದ ಚಿತ್ರ ಅದೊಂದೇ. ಆಕೆ ಬದುಕಿರುವವರೆಗೆ ಗಂಗೊಳ್ಳಿಯ ಆ ಮನೆಯ ಗೋಡೆಯಲ್ಲಿ ನಲವತ್ತು ಮಕ್ಕಳ ಚಿತ್ರ ತೂಗುತ್ತಿತ್ತು; ಆಕೆ ಬೆರಳಿಟ್ಟು ತೋರಿಸುತ್ತಿದ್ದದ್ದು ಒಬ್ಬನನ್ನು. ಈಗ ಆ ಬೆರಳಿಲ್ಲ. ಹೆಸರು ಬರೆದಿಡದಿದ್ದರೆ ಆ ಹುಡುಗ ಇನ್ನು ಹತ್ತು ವರ್ಷಗಳಲ್ಲಿ ಎರಡನೆಯ ಬಾರಿ ಮುಳುಗುತ್ತಾನೆ. ಆ ಚಿತ್ರ ತೆಗೆದ ಕ್ಯಾಮರಾ ಯಾರದೋ ಕಪಾಟಿನಲ್ಲಿ ಇರಲೂಬಹುದು, ಹೊಳೆಯುತ್ತಲೂ ಇರಬಹುದು. ಅದಕ್ಕೆ ಅವನ ಹೆಸರು ಗೊತ್ತಿಲ್ಲ.

ಪ್ರತಿವರ್ಷ ಆಗಸ್ಟ್ 19ರಂದು ವಿಶ್ವ ಛಾಯಾಗ್ರಹಣ ದಿನ ಆಚರಿಸುತ್ತೇವೆ. 1839ರ ಆ ದಿನ ಫ್ರಾನ್ಸ್ ದೇಶ ಡಗೇರನ ವಿಧಾನವನ್ನು ಲೋಕಕ್ಕೆ ಬಹಿರಂಗಪಡಿಸಿತು. ನಮ್ಮ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ ಎರಡೂ ಜಿಲ್ಲೆಗಳಲ್ಲಿ ವಲಯಗಳಾಗಿ ಹರಡಿರುವ ಸಂಘಟನೆ. ಹಿರಿಯ ಛಾಯಾಗ್ರಾಹಕರಿಗೆ ಶಾಲು ಹೊದೆಸುವ ಸಭೆಯಲ್ಲಿಯೇ ಅವರ ಹಳೆಯ ನೆಗೆಟಿವ್‌ಗಳನ್ನು ಪ್ರತಿಮಾಡುವ ಒಂದು ಮೇಜನ್ನೂ ಹಾಕಿದರೆ ಹೇಗೆ? ಬೈಂದೂರು ಮತ್ತು ಬ್ರಹ್ಮಾವರ 2018ರಲ್ಲಿ ತಾಲೂಕುಗಳಾದವು. ಹೊಸ ತಾಲೂಕುಗಳಿಗೆ ಹೊಸ ಕಚೇರಿಗಳಾದವು, ಹಳೆಯ ನೆನಪಿಗೂ ಒಂದು ಕೋಣೆ ಇರಲಿ.

ಕ್ಯಾಮರಾ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ, ಕೊಳ್ಳಿ. ಆದರೆ ಮುಂದಿನ ರಜೆಯಲ್ಲಿ ನಮ್ಮ ಜಗುಲಿಗೆ ಬರುವಾಗ ಯಾಶಿಕಾದ ಬೆಲೆ ಹೇಳಬೇಡಿ. ನಿಮ್ಮ ತರಗತಿಯ ಗುಂಪು ಚಿತ್ರವನ್ನು ತನ್ನಿ. ಪೆನ್ನು ನಾನು ಕೊಡುತ್ತೇನೆ. ಸಾಲಿನಿಂದ ಸಾಲಿಗೆ ಹಾಜರಿ ಕರೆಯೋಣ, ಇರುವವರದ್ದನ್ನೂ, ಇಲ್ಲದವರದ್ದನ್ನೂ.