ಎಪ್ಪತ್ತನಾಲ್ಕು ದಿನಗಳ ಆಳಿಕೆ

ಅಧಿಕಾರದಲ್ಲಿ ಕುಳಿತ ದಿನಗಳನ್ನು ಎಣಿಸಿ ರಾಜಕಾರಣಿಯ ಬೆಲೆಯನ್ನು ಕಟ್ಟುವುದು ನಮ್ಮ ಜನರಲ್ಲಿ ವಾಡಿಕೆಯಾಗಿ ಹೋಗಿದೆ. ಈ ಲೆಕ್ಕದ ಪ್ರಕಾರ ತೀರ್ಥಹಳ್ಳಿ ಸೀಮೆಯ ಕಡಿದಾಳು ಮಂಜಪ್ಪನವರಿಗೆ ಚರಿತ್ರೆಯಲ್ಲಿ ಒಂದು ಸಾಲಿಗಿಂತ ಹೆಚ್ಚಿನ ಸ್ಥಳವು ದೊರೆಯಲಾರದು. ೧೯೫೬ನೆಯ ಆಗಸ್ಟ್ ೧೯ರಂದು ಅವರು ಮೈಸೂರಿನ ಮುಖ್ಯಮಂತ್ರಿಗಳಾದರು. ಅಕ್ಟೋಬರ್ ೩೧ರಂದು ಅವರ ಮಂತ್ರಿಮಂಡಲವು ಮುಗಿಯಿತು. ಒಟ್ಟು ೭೪ ದಿನಗಳು. ಮರುದಿನ ಬೆಳಗಾಗುವಷ್ಟರಲ್ಲಿ ಅವರು ಆಳಿದ ಹಳೆಯ ಮೈಸೂರು ಸಂಸ್ಥಾನವೇ ವಿಶಾಲ ರಾಜ್ಯದಲ್ಲಿ ಲೀನವಾಗಿತ್ತು. ತಾನು ಆಳುತ್ತಿರುವ ರಾಜ್ಯವನ್ನು ಕ್ರಮವಾಗಿ ಮುಗಿಸಿಕೊಡುವುದಕ್ಕಾಗಿಯೇ ಪಟ್ಟವೇರಿದ ಮುಖ್ಯಮಂತ್ರಿಯು ಈ ದೇಶದಲ್ಲಿ ವಿರಳ.

ಅಮೆರಿಕಾ ದೇಶದಲ್ಲಿ ಒಂದೇ ಅವಧಿಗೆ ಅಧ್ಯಕ್ಷನಾಗಿ ಮರಳಿ ಗೆಲ್ಲದವನನ್ನು ಸೋತವನೆಂದೇ ಕರೆಯುತ್ತಾರೆ. ೧೯೭೭ರಿಂದ ೧೯೮೧ರವರೆಗೆ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರರಿಗೆ ಮನೆಯೊಳಗೆ ಬೆಲೆಯೇರಿಕೆ ಮತ್ತು ಎಣ್ಣೆಯ ಅಭಾವ, ಹೊರಗೆ ತೆಹರಾನಿನಲ್ಲಿ ೫೨ ಜನ ಅಮೆರಿಕನರ ೪೪೪ ದಿನಗಳ ಸೆರೆ. ಆ ಸೆರೆಯವರು ಬಿಡುಗಡೆ ಹೊಂದಿದ್ದು ಅವರ ಉತ್ತರಾಧಿಕಾರಿಯು ಪ್ರಮಾಣವಚನ ಸ್ವೀಕರಿಸಿದ ದಿನ. ಆದರೂ ಈಜಿಪ್ತ ಮತ್ತು ಇಸ್ರೇಲುಗಳ ನಡುವೆ ೧೯೭೮ರಲ್ಲಿ ಕ್ಯಾಂಪ್ ಡೇವಿಡ್ಡಿನಲ್ಲಿ ಅವರು ಕುದುರಿಸಿದ ಒಡಂಬಡಿಕೆಯಿಂದ ಹುಟ್ಟಿದ ಶಾಂತಿಯು ಮುರಿದುಬಿದ್ದಿಲ್ಲ. ಅಷ್ಟು ದೊಡ್ಡ ದೇಶದ ಅಧ್ಯಕ್ಷರೊಡನೆ ನಮ್ಮ ಮಲೆನಾಡಿನ ವಕೀಲರೊಬ್ಬರನ್ನು ಹೋಲಿಸುವುದು ಅತಿಯೆಂದು ಕೆಲವರು ನಗಬಹುದು, ನಗಲಿ. ಒಳಗಿನ ಕಲಹ ಮತ್ತು ಹೊರಗಿನ ಗಡಿ, ಇವೆರಡನ್ನೂ ಏಕಕಾಲದಲ್ಲಿ ಹೊತ್ತವರ ಕಷ್ಟವು ರಾಜ್ಯದ ಗಾತ್ರವನ್ನು ನೋಡಿ ಬರುವುದಿಲ್ಲ.

ಒಳಗಿನ ಕಲಹವನ್ನು ಮೊದಲು ನೋಡೋಣ. ಏಕೀಕರಣವನ್ನು ಸಮರ್ಥಿಸಿದ್ದ ಕೆಂಗಲ್ ಹನುಮಂತಯ್ಯನವರು ಸ್ವಪಕ್ಷದ ಶಾಸಕರ ವಿಶ್ವಾಸವನ್ನೇ ಕಳೆದುಕೊಂಡು ಅಧಿಕಾರವನ್ನು ಬಿಡಬೇಕಾಯಿತು. ಆ ಪಕ್ಷದ ಒಡಕು ಇನ್ನೂ ಆರಿರಲಿಲ್ಲ. ಹಳೆಯ ಮೈಸೂರಿನ ಅನೇಕ ಮುಖಂಡರಿಗೆ ಏಕೀಕರಣವೇ ಬೇಡವಾಗಿತ್ತು. ಮೈಸೂರು ಮುಂದುವರಿದ ಸೀಮೆ, ಇಲ್ಲಿ ನೀರಾವರಿಯಿದೆ, ವಿದ್ಯುಚ್ಛಕ್ತಿಯಿದೆ. ಹಿಂದುಳಿದ ಜಿಲ್ಲೆಗಳ ಭಾರವನ್ನು ನಾವೇಕೆ ಹೊರಬೇಕು ಎಂಬುದು ಅವರ ವಾದ. ತಮ್ಮ ಜಾತಿಯ ಸಂಖ್ಯಾಬಲವು ಕುಗ್ಗೀತೆಂಬ ಭಯವು ಈ ವಾದದ ಬೆನ್ನ ಹಿಂದೆ ಅಡಗಿ ಕುಳಿತಿದ್ದುದನ್ನು ಅಂದಿನವರೆಲ್ಲ ಬಲ್ಲರು.

ವಿದ್ಯುಚ್ಛಕ್ತಿಯ ಮಾತನ್ನು ಸಾಗರದವರ ಎದುರಿಗೆ ಆಡುವುದು ಬೇಡ. ೧೯೪೮ರಲ್ಲಿ ಜೋಗದ ವಿದ್ಯುದಾಗಾರವು ಆರಂಭವಾದಾಗ ಅದಕ್ಕೆ ನೀರನ್ನು ಕೊಟ್ಟದ್ದು ಹಿರೇಭಾಸ್ಕರದ ಅಣೆಕಟ್ಟು. ಮುಳುಗಿದ್ದು ಶರಾವತೀ ಕಣಿವೆಯ ಗದ್ದೆ ತೋಟಗಳು. ದೀಪಗಳು ಹೊತ್ತಿದ್ದು ದೂರದ ಪಟ್ಟಣಗಳಲ್ಲಿ. ತಂತಿಯ ಕೆಳಗಿನ ಹಳ್ಳಿಗಳು ಎಷ್ಟೋ ಕಾಲ ಸೀಮೆಎಣ್ಣೆಯ ಬುಡ್ಡಿಯಲ್ಲೇ ಇದ್ದವು. ಮಲೆನಾಡಿನಿಂದ ತಂದ ಐಶ್ವರ್ಯವನ್ನು ತಮ್ಮದೆಂದು ಲೆಕ್ಕ ಹಾಕಿ, ಧಾರವಾಡ ಗುಲ್ಬರ್ಗಗಳವರೊಡನೆ ಹಂಚಿಕೊಳ್ಳಲು ಹಿಂದೆಗೆದವರ ತರ್ಕವನ್ನು ಏನೆಂದು ಕರೆಯಬೇಕು?

ಗಡಿಯ ವಿಷಯಕ್ಕೆ ಬಂದರೆ, ಅದರ ಅನ್ಯಾಯವನ್ನು ನಮ್ಮ ಈ ಮೂರು ತಾಲೂಕುಗಳಷ್ಟು ಬಲ್ಲವರು ವಿರಳ. ಕೆಳದಿ, ಇಕ್ಕೇರಿ, ಬಿದನೂರುಗಳಿಂದ ನಾಯಕರು ಆಳಿದಾಗ ಘಟ್ಟದ ಮೇಲೂ ಕೆಳಗೂ ಒಂದೇ ನಾಡಾಗಿತ್ತು. ೧೭೬೩ರಲ್ಲಿ ಹೈದರನು ಬಿದನೂರನ್ನು ಹಿಡಿದ ಮೇಲೂ ಆ ನಂಟು ಹರಿಯಲಿಲ್ಲ. ಹರಿದದ್ದು ೧೭೯೯ರಲ್ಲಿ. ಟಿಪ್ಪುವಿನ ಪತನದ ನಂತರ ಘಟ್ಟದ ಮೇಲಿನದು ಮೈಸೂರಿಗೆ, ಕೆಳಗಿನ ಕನ್ನಡ ಜಿಲ್ಲೆಯು ಕಂಪನಿಗೆ ಎಂದಾಯಿತು. ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿಯ ಪಾಲಾಯಿತು. ಅಂದಿನಿಂದ ಸಾಗರದವನಿಗೆ ಪಕ್ಕದ ಸಿದ್ದಾಪುರವು ಬೇರೊಂದು ಪ್ರಾಂತ. ಹೊಸನಗರದವನು ಹುಲಿಕಲ್ ಘಟ್ಟವನ್ನಿಳಿದರೆ, ತೀರ್ಥಹಳ್ಳಿಯವನು ಆಗುಂಬೆಯನ್ನು ದಾಟಿದರೆ ಮದರಾಸು ಸೀಮೆ. ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿಯು ಮೈಸೂರಿನಲ್ಲಿ ಹರಿದು ಮುಂಬಯಿ ಪ್ರಾಂತದ ಹೊನ್ನಾವರದಲ್ಲಿ ಕಡಲನ್ನು ಸೇರುತ್ತಿತ್ತು. ಹೆಣ್ಣು ಕೊಟ್ಟ ಮನೆ ಒಂದು ಸರ್ಕಾರದಲ್ಲಿ, ತಂದ ಮನೆ ಇನ್ನೊಂದರಲ್ಲಿ. ಏಕೀಕರಣವು ಇಲ್ಲಿಯವರಿಗೆ ವೇದಿಕೆಯ ಭಾಷಣವಾಗಿರಲಿಲ್ಲ, ದಿನದ ಬಾಳಿನ ಪ್ರಶ್ನೆಯಾಗಿತ್ತು.

ಮಂಜಪ್ಪನವರು ಅಧಿಕಾರಕ್ಕೆ ಬಂದ ಹದಿಮೂರನೆಯ ದಿನ, ಆಗಸ್ಟ್ ೩೧ರಂದು, ರಾಜ್ಯ ಪುನರ್ವಿಂಗಡಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಗೀಕಾರ ದೊರೆಯಿತು. ಕಾಯಿದೆಯಾದ ಮೇಲೆ ಮುಖ್ಯಮಂತ್ರಿಗೆ ಉಳಿದ ಕೆಲಸವೇನು, ಸಹಿ ಹಾಕುವುದಲ್ಲದೆ, ಎಂದು ಕೇಳುವವರಿದ್ದಾರೆ. ನ್ಯಾಯಾಲಯದ ಕಾಗದಗಳನ್ನು ಕಂಡವರು ಹೀಗೆ ಕೇಳಲಾರರು. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳು ಒಂದಾಗಬೇಕಿತ್ತು. ಮೈಸೂರಿನ ಭೂಕಂದಾಯ ಸಂಹಿತೆ ಒಂದು, ಮುಂಬಯಿಯದು ಇನ್ನೊಂದು, ಹೈದರಾಬಾದಿನದು ಮತ್ತೊಂದು. ಇವೆಲ್ಲವೂ ೧೯೬೪ರ ಭೂಕಂದಾಯ ಕಾಯಿದೆಯು ಬರುವವರೆಗೆ ಒಂದೇ ರಾಜ್ಯದಲ್ಲಿ ಬೇರೆ ಬೇರೆಯಾಗಿಯೇ ನಡೆದವು. ನೌಕರರ ಹಿರಿತನದ ವ್ಯಾಜ್ಯಗಳು ಅದೇ ಪುನರ್ವಿಂಗಡಣಾ ಕಾಯಿದೆಯ ೧೧೫ನೆಯ ಕಲಮಿನಡಿಯಲ್ಲಿ ವರ್ಷಾನುಗಟ್ಟಲೆ ಉಚ್ಚ ನ್ಯಾಯಾಲಯವನ್ನು ದುಡಿಸಿದವು. ಇಷ್ಟೊಂದು ತೊಡಕಿನ ಮನೆಯ ಬೀಗದ ಕೈಯನ್ನು, ಒಳಗಿನವರೇ ಮುನಿಸಿಕೊಂಡಿರುವಾಗ, ಹೊಸಬರ ಕೈಗೆ ಗಲಭೆಯಿಲ್ಲದೆ ಒಪ್ಪಿಸಬೇಕು. ನವೆಂಬರ್ ೧ರಂದು ಬೆಂಗಳೂರಿನಲ್ಲಿ ಬಾಬು ರಾಜೇಂದ್ರಪ್ರಸಾದರು ಹೊಸ ರಾಜ್ಯವನ್ನು ಉದ್ಘಾಟಿಸಿದರು; ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು. ಮಂಜಪ್ಪನವರು ಮುಂದೆ ಕಂದಾಯ ಮಂತ್ರಿಗಳಾಗಿ ಕೆಳಗಿನ ಪೀಠದಲ್ಲಿ ಕುಳಿತು ದುಡಿದರು. ಮೇಲಿನ ಪೀಠದಿಂದ ಇಳಿದವರು ಕೆಳಗಿನದನ್ನು ಒಲ್ಲೆನೆನ್ನುವುದನ್ನೇ ಕಂಡಿರುವ ನಮಗೆ ಇದು ಸಣ್ಣ ಮಾತಾಗಿ ತೋರುವುದಿಲ್ಲ.

ಆದರೆ ಅಂದು ಬಂದ ರಾಜ್ಯವು ಪೂರ್ಣವಾಗಿರಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ನೆಲವನ್ನು ಕೂಡಿಕೊಂಡು ಕಾಸರಗೋಡು ಕೇರಳಕ್ಕೆ ಹೋಯಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಹೊರಗುಳಿದವು. ಅದಕ್ಕೆ ಮೂರು ವರ್ಷ ಮೊದಲೇ ಆದವಾನಿ, ರಾಯದುರ್ಗಗಳು ಆಂಧ್ರದ ಪಾಲಾಗಿದ್ದವು. ಮಂಜಪ್ಪನವರು ಕಾಸರಗೋಡಿಗಾಗಿ ಹೋರಾಡಬಹುದಿತ್ತಲ್ಲ ಎಂಬ ಆಕ್ಷೇಪಣೆಯುಂಟು. ಕಾಸರಗೋಡು ಆಗ ಮದರಾಸಿನ ಅಧೀನದಲ್ಲಿತ್ತು. ಮೈಸೂರಿನ ಮುಖ್ಯಮಂತ್ರಿಗೆ ಅದರ ಮೇಲೆ ಯಾವ ಅಧಿಕಾರವೂ ಇರಲಿಲ್ಲ. ನಿಜವಾಗಿ ಕೇಳಬೇಕಾದವರು ಅನಂತರ ಬಂದ ದೀರ್ಘಾಯು ಸರ್ಕಾರಗಳು. ೧೯೬೭ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರದ ಪ್ರದೇಶವು ಕನ್ನಡ ನಾಡಿಗೆ ಸೇರಬೇಕೆಂದು ಸ್ಪಷ್ಟವಾಗಿ ಹೇಳಿತು. ವರದಿಯು ಕಪಾಟಿನಲ್ಲಿ ಕುಳಿತಿದೆ. ಕಯ್ಯಾರ ಕಿಞ್ಞಣ್ಣ ರೈಗಳಂಥವರು ಅದನ್ನು ಕೇಳುತ್ತ ಕೇಳುತ್ತಲೇ ಕಣ್ಮುಚ್ಚಿದರು. ೨೦೧೭ರಲ್ಲಿ ಕೇರಳವು ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಿದಾಗ ಅಲ್ಲಿಯ ಕನ್ನಡಿಗರು ಬೀದಿಗಿಳಿಯಬೇಕಾಯಿತು. ಐದೈದು ವರ್ಷ ಆಳಿದವರಿಂದ ಆಗದ ಕೆಲಸವನ್ನು ಎಪ್ಪತ್ತನಾಲ್ಕು ದಿನಗಳವರ ತಲೆಗೆ ಕಟ್ಟುವುದು ಯಾವ ನ್ಯಾಯ?

ನೆಲದ ಪ್ರಶ್ನೆಯಲ್ಲಿ ಮಾತ್ರ ಮಂಜಪ್ಪನವರ ಮೇಲೂ ಅವರ ಪಕ್ಷದ ಮೇಲೂ ನಮ್ಮ ದೂರಿದೆ. ೧೯೫೧ರ ಏಪ್ರಿಲಿನಲ್ಲಿ ಸಾಗರದ ಕಾಗೋಡಿನಲ್ಲಿ, ಗೇಣಿ ಅಳೆಯುವ ಕೊಳಗದ ಅನ್ಯಾಯವನ್ನು ಸಹಿಸಲಾರದೆ ರೈತರು ಸತ್ಯಾಗ್ರಹಕ್ಕೆ ನಿಂತರು. ಗಣಪತಿಯಪ್ಪನವರು, ಶಾಂತವೇರಿ ಗೋಪಾಲಗೌಡರು ಮುಂದಾಳುಗಳು. ಡಾಕ್ಟರ್ ಲೋಹಿಯಾರವರೂ ಬಂದು ಸೆರೆಯಾದರು. ಸೆರೆಗೆ ಹಾಕಿದ್ದು ಪರದೇಶದ ಸರ್ಕಾರವಲ್ಲ, ನಮ್ಮದೇ ಕಾಂಗ್ರೆಸ್ ಸರ್ಕಾರ. ಮರುವರ್ಷ ಸಾಗರ–ಹೊಸನಗರದ ಮತದಾರರು ಗೋಪಾಲಗೌಡರನ್ನು ಆರಿಸಿ ಕಳುಹಿಸಿ ಉತ್ತರವಿತ್ತರು. ಕಂದಾಯ ಮಂತ್ರಿಗಳಾದ ಮಂಜಪ್ಪನವರು ೧೯೫೪ರ ಇನಾಂ ರದ್ದಿಯಾತಿ, ೧೯೬೧ರ ಭೂಸುಧಾರಣೆ ಇವುಗಳಿಗಾಗಿ ದುಡಿದರೆಂಬುದು ನಿಜ. ಆದರೆ ೧೯೬೧ರ ಕಾಯಿದೆಯು ಜಾರಿಗೆ ಬರುವುದಕ್ಕೆ ೧೯೬೫ ಆಗಬೇಕಾಯಿತು, ಗೇಣಿಪದ್ಧತಿಯ ಬೇರು ಅಲುಗಾಡುವುದಕ್ಕೆ ೧೯೭೪ರ ತಿದ್ದುಪಡಿಯೇ ಬೇಕಾಯಿತು. ತಮ್ಮ ಆತ್ಮಕಥೆಗೆ ಅವರು ‘ನನಸಾಗದ ಕನಸು’ ಎಂದು ಹೆಸರಿಟ್ಟುದು ಸುಮ್ಮನೆಯಲ್ಲ.

೧೯೬೪ರಲ್ಲಿ ಲಿಂಗನಮಕ್ಕಿ ಮುಗಿದು ಸಾಗರ, ಹೊಸನಗರಗಳ ಹಳ್ಳಿಗಳು ಮುಳುಗಿದವು. ನಾಡಿಗೆಲ್ಲ ಬೆಳಕಾದ ಆ ನೀರಿನಿಂದ ಎದ್ದು ಹೋದ ಸಂಸಾರಗಳಲ್ಲಿ ಎಷ್ಟೋ ಮಂದಿಗೆ ಈಗಲೂ ಹಕ್ಕುಪತ್ರವಿಲ್ಲ. ತುಮರಿಯ ಕಡೆಯವರಿಗೆ ಹಿನ್ನೀರನ್ನು ದಾಟುವ ಸೇತುವೆಯು ದೊರೆತದ್ದು ೨೦೨೫ರ ಜುಲೈನಲ್ಲಿ. ಅಲ್ಲಿಯವರೆಗೆ ಲಾಂಚೇ ಗತಿ. ವಿಶಾಲ ರಾಜ್ಯದ ಸರ್ಕಾರಗಳು ಈ ಲೆಕ್ಕಕ್ಕೆ ಉತ್ತರ ಹೇಳಬೇಕು; ಮೊದಲು ಹಕ್ಕುಪತ್ರದ ಕೆಲಸವನ್ನು ಮುಗಿಸಬೇಕು.

ಈ ಮೂರು ತಾಲೂಕುಗಳ ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ಕೋರಿಕೆ. ನವೆಂಬರ್ ೧ರ ಬಾವುಟ, ಮೆರವಣಿಗೆಗಳು ನಡೆಯಲಿ. ಅದರ ಹಿಂದಿನ ದಿನ, ಅಕ್ಟೋಬರ್ ೩೧ರಂದು, ಒಂದು ತಾಸು ೧೯೫೬ಕ್ಕಿಂತ ಹಿಂದಿನ ಭೂಪಟವನ್ನು ಮಕ್ಕಳ ಮುಂದೆ ಹರಡಿರಿ. ಸಿದ್ದಾಪುರದ ಗಡಿ ಎಲ್ಲಿತ್ತು, ಆಗುಂಬೆಯ ಕೆಳಗೆ ಯಾರ ಆಳಿಕೆಯಿತ್ತು ಎಂಬುದನ್ನು ಬೆರಳಿಟ್ಟು ತೋರಿಸಿರಿ. ಆ ಗೆರೆಯು ಅಳಿಯುವ ಹಿಂದಿನ ಸಂಜೆ ಮೈಸೂರಿನ ಮುಖ್ಯಮಂತ್ರಿಯಾಗಿದ್ದವರು ತೀರ್ಥಹಳ್ಳಿ ತಾಲೂಕಿನವರೆಂದು ಹೇಳಿರಿ. ಅದೇ ಭೂಪಟದಲ್ಲಿ ಚಂದ್ರಗಿರಿ ಹೊಳೆಯನ್ನೂ ತೋರಿಸಲು ಮರೆಯಬೇಡಿರಿ.