ವೃದ್ಧಾಶ್ರಮದಲ್ಲಿ ಊಟದ ಪಂಕ್ತಿ

ಮದುವೆಯ ಮನೆಯಲ್ಲಿ ಎರಡು ತುತ್ತು ಹೆಚ್ಚಾಗಿ ಉಣ್ಣುವವನು, ಮನೆಯಲ್ಲಿ ಒಬ್ಬನೇ ಕುಳಿತ ದಿನ ಅರ್ಧ ಊಟಕ್ಕೇ ಕೈ ತೊಳೆಯುತ್ತಾನೆ. ಇದು ಎಲ್ಲರೂ ಬಲ್ಲ ಸಂಗತಿ. ಆದರೆ ಮುದುಕರಿಗಾಗಿ ಆಶ್ರಮವೊಂದನ್ನು ಕಟ್ಟುವಾಗ ಮಾತ್ರ ನಾವು ಇದನ್ನು ಮರೆತು, ತಲೆಗೆ ಇಷ್ಟು ಅಕ್ಕಿ, ಇಷ್ಟು ಬೇಳೆ ಎಂದು ಲೆಕ್ಕ ಹಾಕಿ ಕೈಬಿಡುತ್ತೇವೆ. ಲೆಕ್ಕವೇನೋ ಬೇಕು. ಆದರೆ ಉಗ್ರಾಣದಿಂದ ಹೊರಟ ಅಕ್ಕಿಯೆಲ್ಲವೂ ಹೊಟ್ಟೆಯನ್ನು ಸೇರಿತೆ? ಸೇರದಿದ್ದರೆ, ತಪ್ಪು ಅಡಿಗೆಯಲ್ಲಿದೆಯೆ, ಉಣ್ಣುವವರಲ್ಲಿದೆಯೆ, ಅಥವಾ ಉಣಿಸುವ ಕ್ರಮದಲ್ಲಿದೆಯೆ? ಉಣಿಸುವ ಕ್ರಮದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ವಿಜ್ಞಾನದ ಆಧಾರವೂ ಉಂಟು.

ಇದು ದೂರದ ಮಾತಲ್ಲ. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚು. ಭದ್ರಾ ಅಣೆಕಟ್ಟಿನ ಊರಾದ ಲಕ್ಕವಳ್ಳಿಯಂಥ ಕಡೆಯಿಂದಲೂ ಓದಿದ ಮಕ್ಕಳು ಶಿವಮೊಗ್ಗ, ಬೆಂಗಳೂರುಗಳ ಕಡೆಗೆ ಹೊರಡುತ್ತಾರೆ. ತಂದೆತಾಯಿಗಳು ಊರಿನಲ್ಲಿಯೇ ಉಳಿಯುತ್ತಾರೆ. ಅವರಲ್ಲಿ ಕೆಲವರಿಗಾದರೂ ಕೊನೆಗೆ ಆಶ್ರಮವೇ ಮನೆಯಾಗುತ್ತದೆ. 2007ರಲ್ಲಿ ಆದ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾನೂನು, ಜಿಲ್ಲೆಗೆ ಒಂದಾದರೂ ಆಶ್ರಮವನ್ನು, ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವಿರುವಂತೆ, ರಾಜ್ಯ ಸರ್ಕಾರಗಳು ಸ್ಥಾಪಿಸಬಹುದೆಂದು ಹೇಳುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಅಂಥ ಒಂದು ಆಶ್ರಮವನ್ನು ಊಹಿಸಿಕೊಳ್ಳಿರಿ. ಅಲ್ಲಿ ಮಲೆನಾಡಿನ ಅಂಚಿನ ಲಕ್ಕವಳ್ಳಿಯ ಅಜ್ಜನೂ ಇರುತ್ತಾನೆ, ಕಡೂರಿನ ಬಯಲಿನ ಅಜ್ಜಿಯೂ ಇರುತ್ತಾಳೆ. ಅವನ ನಾಲಗೆ ಅಕ್ಕಿಯ ಕಡುಬಿಗೆ ಒಗ್ಗಿದ್ದು. ಅವಳದು ರಾಗಿಮುದ್ದೆಗೆ, ಹುರುಳಿಸಾರಿಗೆ. ಇಬ್ಬರ ಮುಂದೆಯೂ ಒಂದೇ ತಟ್ಟೆ, ಒಂದೇ ಅಳತೆಯ ಅನ್ನ, ಒಂದೇ ಸೌಟು ಸಾರು ಬಂದರೆ ಏನಾದೀತು?

ಮೊದಲು ಮುಪ್ಪಿನ ದೇಹವನ್ನು ನೋಡೋಣ. ರುಚಿಯೆಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ವಾಸನೆಯದು. ನಂಬಿಕೆಯಾಗದಿದ್ದರೆ ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ಒಂದು ಗುಟುಕು ಕಾಫಿ ಕುಡಿದು ನೋಡಿರಿ. ಕಹಿಯೂ ಸಿಹಿಯೂ ಉಳಿದಾವು, ಕಾಫಿ ಉಳಿಯದು. ಮೂಗಿನ ಮೇಲ್ಭಾಗದಲ್ಲಿರುವ ವಾಸನೆಯ ಕೋಶಗಳು ವಯಸ್ಸಾದಂತೆ ಕ್ಷೀಣಿಸುತ್ತವೆ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದವರು 1,955 ಜನರನ್ನು ಪರೀಕ್ಷಿಸಿ 1984ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, 80 ವರ್ಷ ದಾಟಿದವರಲ್ಲಿ ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಮಂದಿಗೆ ವಾಸನೆಯನ್ನು ಗುರುತಿಸುವ ಶಕ್ತಿ ಬಹಳವಾಗಿ ಕುಗ್ಗಿರುತ್ತದೆ. ಇದರ ಜೊತೆಗೆ ಹಲ್ಲು ಸಡಿಲ, ಕೆಲವು ಔಷಧಿಗಳ ದೆಸೆಯಿಂದ ಬಾಯಿ ಒಣಗುವುದು, ನೀರಡಿಕೆ ಸರಿಯಾಗಿ ತಿಳಿಯದಿರುವುದು. “ಅಜ್ಜನಿಗೆ ಏನು ಮಾಡಿ ಹಾಕಿದರೂ ರುಚಿಸದು” ಎಂದು ನಾವು ದೂರುವಾಗ, ಅಜ್ಜನ ಹಟವನ್ನಲ್ಲ, ಅಜ್ಜನ ಮೂಗನ್ನು ದೂರುತ್ತಿರುತ್ತೇವೆ.

ಹಸಿವು ಕಡಮೆಯಾದರೆ ಅಗತ್ಯವೂ ಕಡಮೆಯಾಯಿತೆಂದು ತಿಳಿಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ಶಿಫಾರಸು ಮಾಡಿದ ಪ್ರೋಟೀನು, ದೇಹದ ತೂಕದ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಮು. ಅಂತರರಾಷ್ಟ್ರೀಯ ತಜ್ಞರ ತಂಡವೊಂದು 2013ರಲ್ಲಿ ವೃದ್ಧರಿಗೆ 1ರಿಂದ 1.2 ಗ್ರಾಮು ಬೇಕೆಂದು ಅಭಿಪ್ರಾಯಪಟ್ಟಿತು. ಮಾಂಸಖಂಡಗಳು ಕರಗಿದರೆ ಮುದುಕರು ಎಡವಿ ಬೀಳುತ್ತಾರೆ. ಬಿದ್ದವರ ಸೊಂಟದ ಮೂಳೆ ಮುರಿದರೆ ಮತ್ತೆ ಏಳುವುದು ಕಷ್ಟ. ತಟ್ಟೆಯಲ್ಲಿ ಉಳಿದ ಬೇಳೆ ಹೀಗೆ ಹಾಸಿಗೆಗೆ ದಾರಿಯಾಗುತ್ತದೆ.

ಇನ್ನು ಉಣಿಸುವ ಕ್ರಮದ ವಿಷಯ. 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ನೆದರ್ಲೆಂಡ್ಸ್ ದೇಶದ ಪ್ರಯೋಗವೊಂದರ ವರದಿ ಬಂದಿತು. ವೃದ್ಧರ 5 ಶುಶ್ರೂಷಾಲಯಗಳಲ್ಲಿದ್ದ 178 ಮಂದಿಯನ್ನು ಎರಡು ಪಂಗಡ ಮಾಡಿದರು. ಒಂದು ಪಂಗಡಕ್ಕೆ ಹಿಂದಿನಂತೆಯೇ ತಟ್ಟೆಯಲ್ಲಿ ಹಾಕಿಟ್ಟ ಊಟ. ಇನ್ನೊಂದಕ್ಕೆ ಮನೆಯ ಊಟದ ರೀತಿ: ಮೇಜಿಗೆ ಬಟ್ಟೆ, ಪಾತ್ರೆಗಳು ಎದುರಿಗೆ, ತಮಗೆ ಬೇಕಾದುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ, ಜೊತೆಯಲ್ಲಿ ಕುಳಿತ ಸಿಬ್ಬಂದಿ, ಊಟದ ನಡುವೆ ಔಷಧಿ ಹಂಚುವಂತಿಲ್ಲ. ಆರು ತಿಂಗಳಾದ ಮೇಲೆ ನೋಡಿದರೆ, ಎರಡು ಪಂಗಡಗಳ ತೂಕದಲ್ಲಿ ಸುಮಾರು ಒಂದೂವರೆ ಕಿಲೋಗ್ರಾಮಿನ ವ್ಯತ್ಯಾಸ! ಮನೆಯ ರೀತಿಯಲ್ಲಿ ಉಂಡವರ ಕೈಚಳಕವೂ ನೆಮ್ಮದಿಯೂ ಇನ್ನೊಂದು ಪಂಗಡದವರಿಗಿಂತ ಉತ್ತಮವಾಗಿದ್ದುವು. ಬದಲಾದುದು ಮುಖ್ಯವಾಗಿ ಬಡಿಸುವ ಬಗೆ.

ಕಣ್ಣಿನ ಪಾತ್ರವೂ ಸಣ್ಣದಲ್ಲ. ಬಾಸ್ಟನ್ ವಿಶ್ವವಿದ್ಯಾನಿಲಯದವರು 2004ರಲ್ಲಿ ಪ್ರಕಟಿಸಿದ ಚಿಕ್ಕ ಪ್ರಯೋಗವೊಂದರಲ್ಲಿ, ಮರೆವಿನ ರೋಗವಾದ ಆಲ್ಜೈಮರ್ ಬಲಿತಿದ್ದ 9 ಮಂದಿಗೆ ಬಿಳಿಯ ತಟ್ಟೆಯ ಬದಲು ಕಡುಗೆಂಪಿನ ತಟ್ಟೆಯಲ್ಲಿ ಆಹಾರ ಕೊಟ್ಟಾಗ, ಅವರು ಉಂಡ ಪ್ರಮಾಣ ನೂರಕ್ಕೆ 25ರಷ್ಟು ಹೆಚ್ಚಿತು. ಬಿಳಿಯ ಮೇಲಿನ ಬಿಳಿಯನ್ನು ಮಂಜುಗಣ್ಣು ಗುರುತಿಸಲಾರದು. ಹೊಳೆಯುವ ಸ್ಟೀಲು ತಟ್ಟೆಯಲ್ಲಿ ಮೊಸರನ್ನವನ್ನು ಇಟ್ಟು ನೋಡಿರಿ. ಅದನ್ನೇ ಹಸುರು ಬಾಳೆಯೆಲೆಯ ಮೇಲೆ ಇಟ್ಟು ನೋಡಿರಿ. ಎಲೆಯ ಮೇಲೆ ಇಂಥ ಪ್ರಯೋಗ ನಡೆಸುವುದು ನಮ್ಮವರಿಗೆ ಯೋಗ್ಯವಾದ ಕೆಲಸ.

ಹಾಗಾದರೆ ಮಾಡಬೇಕಾದುದೇನು? ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು ತಪ್ಪಬೇಕು, ಪಂಕ್ತಿ ಬರಬೇಕು. ಮಂಡಿನೋವಿನವರಿಗೆ ನೆಲದ ಪಂಕ್ತಿಯಾಗದು, ಬೆಂಚು ಮೇಜುಗಳ ಪಂಕ್ತಿಯಾಗಲಿ. ಬೆಳಿಗ್ಗೆಯೇ ಮಾಡಿಟ್ಟ ಸಾರಿನ ಪರಿಮಳ ಮಧ್ಯಾಹ್ನಕ್ಕೆ ಗಾಳಿಯ ಪಾಲಾಗಿರುತ್ತದೆ. ಆದುದರಿಂದ ಒಗ್ಗರಣೆಯನ್ನು ಊಟಕ್ಕೆ ಕೂರುವ ಹೊತ್ತಿನಲ್ಲಿ, ಉಣ್ಣುವವರ ಮೂಗಿಗೆ ಎಟಕುವಷ್ಟು ಹತ್ತಿರದಲ್ಲಿ ಹಾಕಬೇಕು. ಉಪ್ಪು ಹೆಚ್ಚಿಸುವುದಕ್ಕಿಂತ ಇದು ಒಳ್ಳೆಯ ಉಪಾಯ. ವಾರದಲ್ಲಿ ಕೆಲವು ದಿನ ಮುದ್ದೆ, ಕೆಲವು ದಿನ ಕಡುಬು ಇರಲಿ. ಅವರೆಕಾಯಿ ಬಿಡಿಸುವ, ಸೊಪ್ಪು ಸೋಸುವ ಕೆಲಸವನ್ನು ಇಷ್ಟವುಳ್ಳವರು ಮಾಡಲಿ. ಹುಟ್ಟಿದಾರಭ್ಯ ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದುದನ್ನು ಉಂಡು ಬಂದ ಅಜ್ಜಿಗೆ ಯಾರಾದರೂ “ಇನ್ನೊಂದು ಚೂರು ಹಾಕಲೇ, ಅಜ್ಜಿ?” ಎಂದು ಕೇಳಲಿ.

ಪಂಕ್ತಿಯೆಂದೊಡನೆ ನಮ್ಮ ದೇಶದಲ್ಲಿ ಪಂಕ್ತಿಭೇದವೂ ನೆನಪಾಗುತ್ತದೆ. ಜಾತಿಗೊಂದು ಸಾಲು ಹಾಕಿದ ಹಳೆಯ ಪಂಕ್ತಿಯನ್ನು ನಾನು ಬೇಡುತ್ತಿಲ್ಲ. ಯಾರು ಯಾರ ಪಕ್ಕದಲ್ಲಿಯಾದರೂ ಕುಳಿತು ಉಣ್ಣುವುದಾದರೆ ಮಾತ್ರ ಅದು ಆಶ್ರಮದ ಪಂಕ್ತಿ. ಉಪಚಾರವೂ ಒತ್ತಾಯವಾಗಬಾರದು. ಸಕ್ಕರೆ ಕಾಯಿಲೆಯವರಿಗೆ ಪಥ್ಯವುಂಟು. ನುಂಗುವಾಗ ಪದೇ ಪದೇ ಕೆಮ್ಮುವವರನ್ನು ವೈದ್ಯರಿಗೆ ತೋರಿಸಿ, ಅವರು ಹೇಳಿದ ಹದದ ಆಹಾರವನ್ನೇ ಕೊಡಬೇಕು.

ಇದಕ್ಕೆಲ್ಲ ಖರ್ಚು ಎಲ್ಲಿಂದ, ಕೈಗಳು ಎಲ್ಲಿಂದ ಎಂದು ವ್ಯವಸ್ಥಾಪಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಪಾತ್ರೆಗೂ ಎಲೆಗೂ ಆಗುವ ವೆಚ್ಚ ಸ್ವಲ್ಪವೇ; ದುಬಾರಿಯಾದುದು ಜೊತೆಯಲ್ಲಿ ಕೂರುವ ಅರ್ಧ ಗಂಟೆ. ಆ ಅರ್ಧ ಗಂಟೆ ವಿದ್ಯಾರ್ಥಿಗಳ ಬಳಿ ಇದೆ. ರಾಷ್ಟ್ರೀಯ ಸೇವಾ ಯೋಜನೆಯ ತರುಣರು ಆಶ್ರಮಕ್ಕೆ ಹೋಗಿ ಹಣ್ಣು ಹಂಚಿ, ಚಿತ್ರ ತೆಗೆಸಿಕೊಂಡು ಬರುವುದುಂಟು. ಅದರ ಬದಲು ವಾರಕ್ಕೊಂದು ಮಧ್ಯಾಹ್ನ ಬಡಿಸಿ, ಪಕ್ಕದಲ್ಲಿ ಕುಳಿತು ಉಂಡು ಬರಲಿ.

ವಿಜ್ಞಾನದ ವಿದ್ಯಾರ್ಥಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ವ್ಯವಸ್ಥಾಪಕರ ಮತ್ತು ಹಿರಿಯರ ಒಪ್ಪಿಗೆ ಪಡೆದು, ಎರಡು ವಾರ ಹಳೆಯ ಕ್ರಮದ ಊಟವಾದ ಮೇಲೆ ತಟ್ಟೆಗಳಲ್ಲಿ ಉಳಿದುದನ್ನು ತೂಗಿರಿ. ಅದೇ ಅಡಿಗೆಯನ್ನು ಇನ್ನೆರಡು ವಾರ ಪಂಕ್ತಿಯಲ್ಲಿ ಬಡಿಸಿ, ಮತ್ತೆ ತೂಗಿರಿ. ಒಂದು ತಕ್ಕಡಿ, ಒಂದು ನೋಟುಬುಕ್ಕು ಸಾಕು. ನನ್ನ ಅಭಿಪ್ರಾಯ ಸರಿಯೋ ತಪ್ಪೋ ಎಂಬುದನ್ನು ಆ ತಕ್ಕಡಿಯೇ ಹೇಳಲಿ.